ಗ್ಲುಟೆನ್ ಅಸಹನೆ ಮತ್ತು ಕರುಳಿನ ದೀರ್ಘಕಾಲದ ಉರಿಯೂತ

ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಪ್ರೋಟೀನ್ ಒಗ್ಗದೆ ಉಂಟಾಗುವ ತೊಂದರೆಗಳನ್ನು ಒಟ್ಟಾಗಿ ಗ್ಲುಟೆನ್ ಅಸಹನೆ ಎಂದು ಕರೆಯುವುದು ರೂಢಿ. ಕರುಳಿನ ದೀರ್ಘಕಾಲದ ಉರಿಯೂತವೆಂದರೆ ಮುಖ್ಯವಾಗಿ ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್. ವೈದ್ಯರು ಎರಡನ್ನೂ ಸೇರಿಸಿ ಐಬಿಡಿ ಎನ್ನುತ್ತಾರೆ. ಗ್ಲುಟೆನ್ ಅಸಹನೆಯ ಮೂಲ ಬೇರೆ, ಐಬಿಡಿಯ ಮೂಲ ಬೇರೆ, ಚಿಕಿತ್ಸೆಯೂ ಬೇರೆ. ಆದರೆ ಹೊಟ್ಟೆನೋವು, ಉಬ್ಬರ, ಭೇದಿ, ರಕ್ತಹೀನತೆ, ತೂಕ ಇಳಿಯುವುದು, ಸದಾ ಸುಸ್ತು ಇವೆಲ್ಲ ಎರಡರಲ್ಲೂ ಕಾಣುವುದರಿಂದ ರೋಗಿಗಳಷ್ಟೇ ಅಲ್ಲ, ಕೆಲವೊಮ್ಮೆ ವೈದ್ಯರೂ ಗೊಂದಲಕ್ಕೆ ಬೀಳುತ್ತಾರೆ. ಚಪಾತಿ, ಬ್ರೆಡ್ಡು, ಉಪ್ಪಿಟ್ಟು ಬಿಟ್ಟ ಮೇಲೆ ಹೊಟ್ಟೆ ಹಗುರಾಯಿತು ಎಂದು ಐಬಿಡಿ ಇರುವ ಅನೇಕರು ಹೇಳುತ್ತಾರೆ. ಅವರ ಅನುಭವವನ್ನು ಅನುಮಾನಿಸಲು ಕಾರಣವಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಹಗುರಾದದ್ದು ಗ್ಲುಟೆನ್ ಬಿಟ್ಟದ್ದರಿಂದಲೇ? ಹೊಟ್ಟೆ ಹಗುರಾದಾಗ ಕರುಳಿನ ಹುಣ್ಣೂ ಮಾಯಿತೇ?

ಗ್ಲುಟೆನ್ ಮತ್ತು ಸೀಲಿಯಾಕ್ ಕಾಯಿಲೆ

ಗೋಧಿ ಹಿಟ್ಟಿನ ಕಣಕವನ್ನು ನೀರಿನಲ್ಲಿ ಹಿಸುಕುತ್ತ ಹೋದರೆ ಪಿಷ್ಟವೆಲ್ಲ ತೊಳೆದುಹೋಗಿ ಕೈಯಲ್ಲಿ ಉಳಿಯುವ ಅಂಟು ಮುದ್ದೆಯೇ ಗ್ಲುಟೆನ್. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದು, ಬ್ರೆಡ್ಡು ಉಬ್ಬಿ ನಿಲ್ಲುವುದು ಇದರಿಂದಲೇ. ಗ್ಲಯಾಡಿನ್ ಮತ್ತು ಗ್ಲುಟೆನಿನ್ ಇದರ ಎರಡು ಮುಖ್ಯ ಭಾಗಗಳು. ಬಾರ್ಲಿಯಲ್ಲಿ ಹಾರ್ಡೀನ್, ರೈಯಲ್ಲಿ ಸೆಕಾಲಿನ್ ಎಂಬ ಹತ್ತಿರದ ಸಂಬಂಧಿಗಳಿವೆ. ಪ್ರೋಲಿನ್ ಮತ್ತು ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ಇವುಗಳಲ್ಲಿ ತುಂಬ ಹೆಚ್ಚು. ಹಾಗಾಗಿ ನಮ್ಮ ಜೀರ್ಣರಸಗಳು ಇವನ್ನು ಪೂರ್ತಿ ಕತ್ತರಿಸಲಾರವು. 33 ಅಮೈನೋ ಆಮ್ಲಗಳ ಒಂದು ತುಣುಕು ಜಠರ ಮತ್ತು ಕರುಳಿನ ಕಿಣ್ವಗಳಿಗೆಲ್ಲ ಜಗ್ಗದೆ ಉಳಿಯುತ್ತದೆಂದು 2002ರಲ್ಲಿ ತೋರಿಸಲಾಯಿತು. ಇಂಥ ತುಣುಕುಗಳು ಎಲ್ಲರ ಕರುಳಲ್ಲೂ ಉಳಿಯುತ್ತವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ.

ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇರುವ ಕೆಲವರಲ್ಲಿ ಮಾತ್ರ ಕಥೆ ಬೇರೆಯಾಗುತ್ತದೆ. ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಆ ತುಣುಕುಗಳನ್ನು ಸ್ವಲ್ಪ ಬದಲಾಯಿಸುತ್ತದೆ, ರೋಗನಿರೋಧಕ ಕೋಶಗಳು ಅವನ್ನು ಶತ್ರುವೆಂದು ಗುರುತಿಸುತ್ತವೆ, ಜೊತೆಗೆ ಆ ಕಿಣ್ವದ ಮೇಲೇ ಪ್ರತಿಕಾಯಗಳು ಹುಟ್ಟಿಕೊಳ್ಳುತ್ತವೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರ ಹೀರುವ ಬೆರಳಿನಾಕಾರದ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಇದು ಸೀಲಿಯಾಕ್ ಕಾಯಿಲೆ. ಈ ವಂಶವಾಹಿಗಳು ಜನಸಂಖ್ಯೆಯ ಮೂರನೆಯ ಒಂದು ಭಾಗದಷ್ಟು ಜನರಲ್ಲಿದ್ದರೂ ಕಾಯಿಲೆ ಬರುವುದು ಸುಮಾರು ನೂರಕ್ಕೆ ಒಬ್ಬರಿಗೆ. ಜೀವಮಾನವಿಡೀ ಗ್ಲುಟೆನ್ ಪೂರ್ತಿ ಬಿಡುವುದೇ ಇದಕ್ಕೆ ಮದ್ದು. ಬಿಟ್ಟರೆ ಕರುಳು ಮತ್ತೆ ಚಿಗುರುತ್ತದೆ.

ಈ ಸತ್ಯ ಸಿಕ್ಕ ದಾರಿ ಇಂದಿನ ಗೊಂದಲಕ್ಕೂ ಪಾಠ ಹೇಳುವಂಥದ್ದು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯ ಸ್ಪಷ್ಟ ಚಿತ್ರ ಕೊಟ್ಟು, ಗುಣವಾಗುವುದಾದರೆ ಆಹಾರದಿಂದಲೇ ಆಗಬೇಕು ಎಂದಿದ್ದ. ಯಾವ ಆಹಾರ ಎಂಬುದು ಅವನಿಗೆ ಗೊತ್ತಾಗಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್, ಬಡಕಲಾಗಿ ಸಾವಿನಂಚಿಗೆ ಬಂದಿದ್ದ ಮಕ್ಕಳಿಗೆ ಬಾಳೆಹಣ್ಣು ಪ್ರಧಾನವಾದ ಪಥ್ಯ ಕೊಟ್ಟು ಬದುಕಿಸಿದ. ಬ್ರೆಡ್ಡು, ಆಲೂಗಡ್ಡೆ ಮುಂತಾದ ಪಿಷ್ಟಗಳನ್ನೆಲ್ಲ ಅವನು ನಿಲ್ಲಿಸಿದ್ದ. ಮಕ್ಕಳು ಚೇತರಿಸಿದ್ದು ಬ್ರೆಡ್ಡು ನಿಂತದ್ದರಿಂದ. ಹಾಸ್ ನಂಬಿದ್ದು ಪಿಷ್ಟ ನಿಂತದ್ದರಿಂದ ಎಂದು. ಚಿಕಿತ್ಸೆ ಫಲಿಸಿತು, ವಿವರಣೆ ತಪ್ಪಿತ್ತು.

ಸರಿಯಾದ ವಿವರಣೆ ಕೊಟ್ಟವನು ನೆದರ್ಲೆಂಡ್ಸಿನ ವಿಲ್ಲೆಮ್ ಕಾರೆಲ್ ಡಿಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವನು ಎರಡನೆಯ ಮಹಾಯುದ್ಧಕ್ಕೆ ಮುಂಚಿನಿಂದಲೇ ಗೋಧಿಯ ಮೇಲೆ ಕಣ್ಣಿಟ್ಟಿದ್ದ, 1941ರಲ್ಲಿ ಆ ಬಗ್ಗೆ ಬರೆದೂ ಇದ್ದ. 1944–45ರ ಚಳಿಗಾಲದಲ್ಲಿ ಜರ್ಮನ್ ದಿಗ್ಬಂಧನದಿಂದ ಪಶ್ಚಿಮ ನೆದರ್ಲೆಂಡ್ಸ್ ಹಸಿವಿನಲ್ಲಿ ಬೆಂದು, ಬ್ರೆಡ್ಡಿಲ್ಲದೆ ಜನ ಟ್ಯೂಲಿಪ್ ಗಡ್ಡೆ ತಿಂದು ಬದುಕಿದ್ದ ಕಾಲದ ಅನುಭವವೂ ಅವನ ಅನುಮಾನವನ್ನು ಬಲಪಡಿಸಿತು. ಅಷ್ಟಕ್ಕೆ ಅವನು ತೃಪ್ತನಾಗಲಿಲ್ಲ. ಮಕ್ಕಳ ಆಹಾರದಿಂದ ಒಂದೊಂದೇ ಧಾನ್ಯ ತೆಗೆದು, ಮತ್ತೆ ಒಂದೊಂದಾಗಿ ಸೇರಿಸಿ, ಮಲದಲ್ಲಿ ಹೋಗುವ ಕೊಬ್ಬನ್ನು ಅಳೆಸಿ, ಗೋಧಿ ಮತ್ತು ರೈ ಅಪರಾಧಿಗಳೆಂದು 1950ರ ಉಟ್ರೆಕ್ಟ್ ಪ್ರಬಂಧದಲ್ಲಿ ಸಾಧಿಸಿದ. ವಾನ್ ಡ ಕಾಮರ್ ಮತ್ತು ವೈಯರ್ಸ್ ಈ ಕೆಲಸದಲ್ಲಿ ಅವನ ಸಹೋದ್ಯೋಗಿಗಳಾಗಿದ್ದರು. ಹಾಸ್ ಒಮ್ಮೆಗೇ ಹಲವನ್ನು ಬಿಡಿಸಿದ. ಡಿಕೆ ಒಂದೊಂದಾಗಿ ಮರಳಿ ಕೊಟ್ಟು ನೋಡಿದ. ಆಹಾರ ಮತ್ತು ಕರುಳಿನ ಸಂಬಂಧದ ಯಾವ ಹೇಳಿಕೆಯನ್ನೂ ಈ ಎರಡನೆಯ ಒರೆಗೆ ಹಚ್ಚದೆ ಒಪ್ಪಬಾರದು.

ಸೀಲಿಯಾಕ್ ಅಲ್ಲದ ಗೋಧಿ ಅಸಹನೆ

ಪ್ರತಿಕಾಯಗಳಿಲ್ಲ, ಬಯಾಪ್ಸಿಯಲ್ಲಿ ಕರುಳು ಸರಿಯಾಗಿದೆ, ಗೋಧಿಯ ಅಲರ್ಜಿಯೂ ಅಲ್ಲ. ಆದರೂ ಗೋಧಿ ತಿಂದರೆ ಹೊಟ್ಟೆ ಉಬ್ಬುತ್ತದೆ, ತಲೆ ಮಂಕಾಗುತ್ತದೆ ಎನ್ನುವವರು ಬಹಳ. ಇದನ್ನು ಸೀಲಿಯಾಕ್ ಅಲ್ಲದ ಗ್ಲುಟೆನ್ ಸೂಕ್ಷ್ಮತೆ ಎಂದು ಗುರುತಿಸಲಾಗಿದೆ. ಇದಕ್ಕೆ ರಕ್ತಪರೀಕ್ಷೆಯಿಲ್ಲ, ಗುರುತಿಸುವ ಯಂತ್ರವಿಲ್ಲ. ಅಂತರರಾಷ್ಟ್ರೀಯ ತಜ್ಞರು 2015ರಲ್ಲಿ ಪ್ರಕಟಿಸಿದ ಸಲೆರ್ನೋ ಮಾನದಂಡದ ಪ್ರಕಾರ, ಯಾವುದರಲ್ಲಿ ಗ್ಲುಟೆನ್ ಇದೆಯೆಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಕೊಟ್ಟು ನೋಡುವುದೇ ಖಚಿತ ದಾರಿ.

ಹಾಗೆ ನೋಡಿದಾಗ ಫಲಿತಾಂಶ ಅನಿರೀಕ್ಷಿತವಾಗಿತ್ತು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಗ್ಲುಟೆನ್ ತೊಂದರೆ ಕೊಡುತ್ತದೆ ಎಂಬ ಪುರಾವೆ ಪ್ರಕಟಿಸಿತ್ತು. ಅದೇ ತಂಡ ತನ್ನ ಪ್ರಯೋಗವನ್ನೇ ಬಿಗಿಗೊಳಿಸಿ 37 ಜನರಲ್ಲಿ ಮತ್ತೆ ಪರೀಕ್ಷಿಸಿತು. ಈ ಸಲ ಮೊದಲು ಅವರ ಆಹಾರದಿಂದ ಫಾಡ್‌ಮ್ಯಾಪ್ ಎಂಬ, ಕರುಳಲ್ಲಿ ಹೀರಲ್ಪಡದೆ ಹುದುಗುವ ಸಕ್ಕರೆಗಳನ್ನು ಇಳಿಸಿತು. ಎಲ್ಲರ ತೊಂದರೆಯೂ ಕಡಿಮೆಯಾಯಿತು. ಆಮೇಲೆ ಶುದ್ಧ ಗ್ಲುಟೆನ್ ಕೊಟ್ಟಾಗ ಗ್ಲುಟೆನ್‌ಗೇ ಆರೋಪಿಸಬಹುದಾದ ಪರಿಣಾಮ ಕಾಣಲಿಲ್ಲ. ಇದು ಪ್ರಕಟವಾದದ್ದು 2013ರಲ್ಲಿ. ತನ್ನ ಹಿಂದಿನ ತೀರ್ಮಾನವನ್ನೇ ಮರುಪರೀಕ್ಷೆಗೆ ಒಡ್ಡಿದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. 2018ರಲ್ಲಿ ನಾರ್ವೆಯ ಸಂಶೋಧಕರು ಗ್ಲುಟೆನ್ ಒಗ್ಗದು ಎಂದು ತಾವೇ ಹೇಳಿಕೊಂಡಿದ್ದ 59 ಮಂದಿಗೆ ಒಂದು ವಾರ ಗ್ಲುಟೆನ್, ಒಂದು ವಾರ ಫ್ರುಕ್ಟಾನ್, ಒಂದು ವಾರ ಎರಡೂ ಇಲ್ಲದ ತಿನಿಸು ಕೊಟ್ಟರು. ಹೊಟ್ಟೆ ಹೆಚ್ಚು ಕೆಟ್ಟದ್ದು ಫ್ರುಕ್ಟಾನ್ ತಿಂದ ವಾರದಲ್ಲಿ.

ಫ್ರುಕ್ಟಾನ್ ಫಾಡ್‌ಮ್ಯಾಪ್ ಗುಂಪಿಗೆ ಸೇರಿದ ಒಂದು ಸಕ್ಕರೆ ಸರಪಳಿ. ಗೋಧಿಯಲ್ಲಿ ಅದು ಗ್ಲುಟೆನ್ ಜೊತೆಗೇ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಧಾರಾಳವಾಗಿದೆ. ಚಪಾತಿ ಬಿಟ್ಟು ಅನ್ನ ತಿಂದರೂ ಈರುಳ್ಳಿ ಹುಳಿ, ಬೆಳ್ಳುಳ್ಳಿ ಒಗ್ಗರಣೆ ಸೇರಿದ ಊಟದಲ್ಲಿ ಹೊಟ್ಟೆ ಸುಮ್ಮನಿರದ ಕಾರಣ ಇಲ್ಲಿದೆ. ಗೋಧಿಯಲ್ಲಿರುವ ಅಮೈಲೇಸ್ ಟ್ರಿಪ್ಸಿನ್ ತಡೆಗಾರಕಗಳೆಂಬ ಇನ್ನೊಂದು ಪ್ರೋಟೀನ್ ಗುಂಪು ಕರುಳಿನ ಸಹಜ ರೋಗನಿರೋಧಕ ಕೋಶಗಳನ್ನು ಕೆರಳಿಸಬಲ್ಲುದೆಂದು ಜರ್ಮನಿಯ ಮೈಂಜ್‌ನ ಸಂಶೋಧನೆ ಹೇಳುತ್ತದೆ. ಹೀಗಾಗಿ ಗ್ಲುಟೆನ್ ಅಸಹನೆ ಎನ್ನುವುದಕ್ಕಿಂತ ಗೋಧಿ ಅಸಹನೆ ಎನ್ನುವುದು ಈ ವರ್ಗಕ್ಕೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಐಬಿಡಿ ಮತ್ತು ಗ್ಲುಟೆನ್

ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ. ಗುದನಾಳದಿಂದ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ, ರಕ್ತ ಬೆರೆತ ಭೇದಿ ಅದರ ಮುಖ್ಯ ಚಿಹ್ನೆ. ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಲಿಯೋನ್ ಗಿನ್ಸ್‌ಬರ್ಗ್, ಗಾರ್ಡನ್ ಆಪನ್‌ಹೈಮರ್ 1932ರಲ್ಲಿ ವರ್ಣಿಸಿದ ಕ್ರೋನ್ಸ್ ಕಾಯಿಲೆ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯನ್ನು ಪೂರ್ತಿ ಆವರಿಸಬಹುದು, ಕರುಳನ್ನು ಇರುಕಾಗಿಸಬಹುದು, ನಾಳವ್ರಣಗಳನ್ನು ಮಾಡಬಹುದು. ವಂಶವಾಹಿ, ಕರುಳಿನ ಸೂಕ್ಷ್ಮಜೀವಿಗಳು, ಪರಿಸರ ಈ ಮೂರರ ಕೂಟದಿಂದ ಇವು ಹುಟ್ಟುತ್ತವೆ. ಸೀಲಿಯಾಕ್ ಕಾಯಿಲೆಗೆ ಗ್ಲುಟೆನ್ ಇರುವಂತೆ ಐಬಿಡಿಗೆ ಒಂದೇ ಒಂದು ಆಹಾರ ಕಾರಣವೆಂದು ಸಾಬೀತಾಗಿಲ್ಲ.

ಅಮೆರಿಕದ 1,647 ಐಬಿಡಿ ರೋಗಿಗಳ ಒಂದು ಸಮೀಕ್ಷೆ 2014ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 19ರಷ್ಟು ಜನ ಎಂದಾದರೂ ಗ್ಲುಟೆನ್ ಬಿಟ್ಟು ನೋಡಿದ್ದರು. ಬಿಟ್ಟವರಲ್ಲಿ ಸುಮಾರು ಮೂರನೆಯ ಎರಡು ಭಾಗದವರು ಹೊಟ್ಟೆಯ ತೊಂದರೆ ಕಡಿಮೆಯಾಯಿತೆಂದರು. ಗ್ಲುಟೆನ್ ವಿರೋಧಿ ಪ್ರಚಾರಕ್ಕೆ ಈ ಅಂಕಿ ಬಹಳ ಬಳಕೆಯಾಗಿದೆ. ಆದರೆ ಇದು ರೋಗಿಗಳ ನೆನಪು ಮತ್ತು ಅನಿಸಿಕೆ. ಬಿಟ್ಟವರು ಗ್ಲುಟೆನ್ ಜೊತೆ ಫ್ರುಕ್ಟಾನ್, ಬೇಕರಿ ತಿನಿಸು, ಬಿಸ್ಕತ್ತು, ಕರಿದ ಮೈದಾ ಎಲ್ಲವನ್ನೂ ಬಿಟ್ಟಿರಬಹುದು. ಇಲ್ಲಿ ಮತ್ತೆ ಹಾಸ್‌ನ ಬಾಳೆಹಣ್ಣಿನ ಕಥೆಯೇ. ಅಮೆರಿಕದ ಎರಡು ಲಕ್ಷಕ್ಕೂ ಮಿಕ್ಕ ಜನರ ದೀರ್ಘ ಅಧ್ಯಯನದಲ್ಲಿ, ಹೆಚ್ಚು ಗ್ಲುಟೆನ್ ತಿಂದವರಿಗೆ ಐಬಿಡಿ ಹೆಚ್ಚಾಗಿ ಬಂದದ್ದು ಕಂಡಿಲ್ಲ. ಐಬಿಡಿ ತಜ್ಞರ ಅಂತರರಾಷ್ಟ್ರೀಯ ಸಂಘಟನೆ 2020ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯೂ ಗೋಧಿ, ಗ್ಲುಟೆನ್ ಬಿಡಿ ಎನ್ನಲು ಪುರಾವೆ ಸಾಲದೆಂದು ಹೇಳಿತು.

ಎರಡು ಕಾಯಿಲೆ ಒಬ್ಬರಲ್ಲೇ ಇರುವ ಸಾಧ್ಯತೆಯನ್ನು ಮಾತ್ರ ಮರೆಯುವಂತಿಲ್ಲ. ಸೀಲಿಯಾಕ್ ಇರುವವರಿಗೆ ಐಬಿಡಿ ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು ಎಂದು 2020ರ ಒಂದು ದೊಡ್ಡ ಸಂಗ್ರಹ ವಿಶ್ಲೇಷಣೆ ತೋರಿಸಿದೆ. ತಿರುಗಿಸಿ, ಐಬಿಡಿ ಇರುವವರಲ್ಲಿ ಸೀಲಿಯಾಕ್ ಹುಡುಕಿದರೂ ಈ ಸಂಬಂಧ ಇದೆ. ಚಿಕಿತ್ಸೆಗೆ ಸರಿಯಾಗಿ ಜಗ್ಗದ ಐಬಿಡಿ ರೋಗಿಯಲ್ಲಿ, ಕಬ್ಬಿಣದ ಕೊರತೆ ಮತ್ತೆ ಮತ್ತೆ ಮರಳುವವರಲ್ಲಿ ಸೀಲಿಯಾಕ್ ಪರೀಕ್ಷೆ ಮಾಡಿಸುವುದು ವಿವೇಕ.

ಇನ್ನೂ ಹೆಚ್ಚು ಮಂದಿಗೆ ಅನ್ವಯಿಸುವ ಸಂಗತಿ ಬೇರೊಂದಿದೆ. ಐಬಿಡಿ ತಣ್ಣಗಿದ್ದು ಕರುಳು ಮಾದಿದ್ದರೂ ಅನೇಕರಿಗೆ ಉಬ್ಬರ, ನೋವು, ಅವಸರದ ಭೇದಿ ಉಳಿದಿರುತ್ತವೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ಇಂಥ 52 ರೋಗಿಗಳಲ್ಲಿ ನಾಲ್ಕು ವಾರ ಫಾಡ್‌ಮ್ಯಾಪ್ ಇಳಿಸಿ ನೋಡಿತು. ಪಥ್ಯ ಮಾಡಿದವರಲ್ಲಿ ಅರ್ಧದಷ್ಟು ಜನರಿಗೆ ತೃಪ್ತಿಕರ ಆರಾಮ ಸಿಕ್ಕಿತು. ಹೋಲಿಕೆಯ ಗುಂಪಿನಲ್ಲಿ ಶೇ. 16 ಮಂದಿಗೆ. ಉರಿಯೂತದ ಅಳತೆಗಳಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ, ಕರುಳಿಗೆ ಹಿತವಾದ ಬೈಫಿಡೋ ಬ್ಯಾಕ್ಟೀರಿಯಾಗಳು ಇಳಿದವು. ಆರಾಮವಾಯಿತು ಎಂದರೆ ಕಾಯಿಲೆ ಹೋಯಿತೆಂದಲ್ಲ. ಚಪಾತಿ ಬಿಟ್ಟು ಸುಖವಾಗಿದೆಯೆಂದು ಐಬಿಡಿಯ ಮದ್ದುಗಳಾದ ಮೆಸಲಮೈನ್, ಅಜಥಯೋಪ್ರಿನ್ ಅಥವಾ ಬಯಲಾಜಿಕ್ ಚುಚ್ಚುಮದ್ದನ್ನು ತಾವೇ ನಿಲ್ಲಿಸಿದವರ ಕರುಳಿನಲ್ಲಿ ಹುಣ್ಣು ಸದ್ದಿಲ್ಲದೆ ಬೆಳೆಯಬಹುದು. ಉರಿಯೂತವನ್ನು ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಬೇಕಾದಾಗ ಕೊಲೊನೋಸ್ಕೋಪಿ ಇರುವುದು ಈ ಅಂತರವನ್ನು ಅಳೆಯಲೆಂದೇ.

ಭಾರತದ ಚಿತ್ರ

ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ, 23,000ಕ್ಕೂ ಹೆಚ್ಚು ವಯಸ್ಕರ ಅಧ್ಯಯನದಲ್ಲಿ ಸೀಲಿಯಾಕ್ ಕಾಯಿಲೆ ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಕಂಡುಬಂತು. ರೋಗಕ್ಕೆ ಒಲಿಸುವ ವಂಶವಾಹಿಗಳು ಮೂರೂ ಕಡೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಆದರೆ ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ ಮಾತ್ರ. ಈಶಾನ್ಯದವರೂ 37 ಗ್ರಾಂ ಅಷ್ಟೇ ತಿನ್ನುತ್ತಿದ್ದುದರಿಂದ ಗೋಧಿಯ ಪ್ರಮಾಣವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಹಾಗಿದ್ದರೂ ಅಕ್ಕಿ, ರಾಗಿ, ಜೋಳದ ನಾಡಿನಲ್ಲಿ ರಾತ್ರಿಯೂಟ ಚಪಾತಿಗೆ, ಬೆಳಗಿನ ತಿಂಡಿ ಬ್ರೆಡ್ಡಿಗೆ ತಿರುಗುತ್ತಿರುವಾಗ ದಕ್ಷಿಣದ ವೈದ್ಯರು ಈ ಕಾಯಿಲೆ ನಮ್ಮಲ್ಲಿಲ್ಲ ಎಂದು ಕೂರುವಂತಿಲ್ಲ.

ದಕ್ಷಿಣ ಭಾರತದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಚಾಚುಗಳು ಸವೆಯುವ ಟ್ರಾಪಿಕಲ್ ಸ್ಪ್ರೂ ಕಾಯಿಲೆಯನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್ ಮತ್ತು ಮಥನ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅದು ಗ್ಲುಟೆನ್‌ನಿಂದ ಬರುವುದಲ್ಲ. ಆಂಟಿಬಯಾಟಿಕ್ ಮತ್ತು ಫೋಲಿಕ್ ಆಮ್ಲಕ್ಕೆ ಗುಣವಾಗುತ್ತದೆ. ಕ್ರೋನ್ಸ್ ಕಾಯಿಲೆಯನ್ನು ಹೋಲುವ ಕರುಳಿನ ಕ್ಷಯವಂತೂ ಭಾರತದ ಕರುಳುತಜ್ಞರಿಗೆ ದಿನನಿತ್ಯದ ಸವಾಲು. ಕ್ಷಯವಿದ್ದವರಿಗೆ ಕ್ರೋನ್ಸ್‌ನ ಸ್ಟೀರಾಯ್ಡ್ ಕೊಟ್ಟರೆ ಅಪಾಯ. ಆದ್ದರಿಂದ ಪತ್ತೆ ಸರಿಯಾಗುವ ಮೊದಲೇ ಪಥ್ಯದ ಪ್ರಯೋಗದಲ್ಲಿ ತಿಂಗಳುಗಳನ್ನು ಕಳೆಯುವುದು ಭಾರತದಲ್ಲಿ ಇನ್ನಷ್ಟು ದುಬಾರಿಯಾದೀತು.

ಪರೀಕ್ಷೆ

ಸೀಲಿಯಾಕ್ ಅನುಮಾನವಿದ್ದರೆ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಮೇಲೆ ಹುಟ್ಟುವ ಟಿಟಿಜಿ ಐಜಿಎ ಪ್ರತಿಕಾಯದ ರಕ್ತಪರೀಕ್ಷೆ, ಜೊತೆಗೆ ಒಟ್ಟು ಐಜಿಎ ಪ್ರಮಾಣ, ಆಮೇಲೆ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಬಯಾಪ್ಸಿ. ಇವೆಲ್ಲ ಗ್ಲುಟೆನ್ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟು ಕೆಲವು ತಿಂಗಳಾದರೆ ಪ್ರತಿಕಾಯ ಇಳಿದು, ಕರುಳು ಚೇತರಿಸಿ, ಕಾಯಿಲೆ ಇದ್ದವರೂ ಇಲ್ಲದವರಂತೆ ಕಾಣುತ್ತಾರೆ. ಪತ್ತೆಗಾಗಿ ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳಬೇಕಾಗುತ್ತದೆ. ಈ ಲೇಖನದಿಂದ ಓದುಗರು ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ: ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲವೆಂದರೆ ಸೀಲಿಯಾಕ್ ಬಹುತೇಕ ಇಲ್ಲವೆಂದೇ ಅರ್ಥ. ಇವೆಯೆಂದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ಐಜಿಜಿ ಪರೀಕ್ಷೆಯ ಹೆಸರಿನಲ್ಲಿ ಹತ್ತಾರು ಆಹಾರಗಳ ಅಸಹನೆಯ ಪಟ್ಟಿ ಮಾರುವ ಪ್ಯಾಕೇಜುಗಳಿಗೆ ವೈಜ್ಞಾನಿಕ ಆಧಾರವಿಲ್ಲ. ಅವು ಮೊದಲೇ ಸೊರಗಿದವರ ತಟ್ಟೆಯನ್ನು ಮತ್ತೂ ಬರಿದು ಮಾಡುತ್ತವೆ.

ಐಬಿಡಿಯ ಆಹಾರಕ್ರಮಗಳು

ಆಹಾರದಿಂದಲೇ ಉರಿಯೂತ ಇಳಿಯುತ್ತದೆ ಎಂಬುದಕ್ಕೆ ಬಲವಾದ ಪುರಾವೆ ಮಕ್ಕಳ ಕ್ರೋನ್ಸ್ ಕಾಯಿಲೆಯಲ್ಲಿದೆ. ಆರರಿಂದ ಎಂಟು ವಾರ ಬೇರೆಲ್ಲ ಆಹಾರ ನಿಲ್ಲಿಸಿ ಪೋಷಕ ದ್ರವವನ್ನಷ್ಟೇ ಕೊಟ್ಟರೆ ಬಹುಪಾಲು ಮಕ್ಕಳಲ್ಲಿ ಕಾಯಿಲೆ ಶಮನವಾಗುತ್ತದೆ, ಸ್ಟೀರಾಯ್ಡ್ ತಪ್ಪುತ್ತದೆ, ಬೆಳವಣಿಗೆ ಕುಂಠಿತವಾಗುವುದಿಲ್ಲ. ಇಸ್ರೇಲಿನ ಏರಿ ಲೆವಿನ್ ಮತ್ತು ಸಂಗಡಿಗರು ಭಾಗಶಃ ಪೋಷಕ ದ್ರವ, ಉಳಿದಂತೆ ಆಯ್ದ ಮನೆಯಡುಗೆ ಸೇರಿದ ಪಥ್ಯವನ್ನು ರೂಪಿಸಿದರು. 2019ರ ಪ್ರಯೋಗದಲ್ಲಿ ಮಕ್ಕಳು ಅದನ್ನು ಹೆಚ್ಚು ಸುಲಭವಾಗಿ ಪಾಲಿಸಿದರು. ಅದರ ಆರಂಭದ ಹಂತದಲ್ಲಿ ಗೋಧಿಯೂ ಇಲ್ಲ, ಹಾಲೂ ಇಲ್ಲ, ಸಂಸ್ಕರಿಸಿದ ಮಾಂಸ, ಎಮಲ್ಸಿಫೈಯರ್ ಸೇರಿದ ತಿನಿಸುಗಳೂ ಇಲ್ಲ. ಇವುಗಳಲ್ಲಿ ಯಾವುದು ಬಿಟ್ಟದ್ದರಿಂದ ಗುಣವಾಯಿತು ಎಂಬುದು ಡಿಕೆಯ ರೀತಿಯಲ್ಲಿ ಒಂದೊಂದಾಗಿ ಬಿಡಿಸಬೇಕಾದ ಕಗ್ಗಂಟು.

ಹಾಸ್‌ನ ಪಥ್ಯ ಸೀಲಿಯಾಕ್‌ನಿಂದ ಮರೆಯಾದರೂ ಐಬಿಡಿಯಲ್ಲಿ ಬದುಕುಳಿದಿದೆ. ಅವನು ಚಿಕಿತ್ಸೆ ಕೊಟ್ಟ ಕೊಲೈಟಿಸ್ ಪೀಡಿತ ಬಾಲೆಯ ತಾಯಿ ಇಲೇನ್ ಗಾಟ್‌ಶಾಲ್ ಅದನ್ನು ನಿರ್ದಿಷ್ಟ ಕಾರ್ಬೋಹೈಡ್ರೇಟ್ ಪಥ್ಯವಾಗಿ ಜನಪ್ರಿಯಗೊಳಿಸಿದಳು. ಎಲ್ಲ ಧಾನ್ಯಗಳನ್ನೂ ಬಿಡಿಸುವ ಈ ಕಠಿಣ ಪಥ್ಯವನ್ನು 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ, 190ಕ್ಕೂ ಹೆಚ್ಚು ಕ್ರೋನ್ಸ್ ರೋಗಿಗಳಲ್ಲಿ, ತರಕಾರಿ, ಹಣ್ಣು, ಮೀನು, ಧಾನ್ಯ, ಆಲಿವ್ ಎಣ್ಣೆಯ ಮೆಡಿಟರೇನಿಯನ್ ಊಟದೊಂದಿಗೆ ಹೋಲಿಸಿತು. ಕಠಿಣ ಪಥ್ಯ ಹೆಚ್ಚೇನೂ ಗೆಲ್ಲಲಿಲ್ಲ. ಗೋಧಿ ಇರುವ ಊಟ ಉಂಡವರೂ ಅಷ್ಟೇ ಚೇತರಿಸಿದರು. 21 ದೇಶಗಳ 1,16,000ಕ್ಕೂ ಮಿಕ್ಕ ಜನರ ಅಧ್ಯಯನವೊಂದು ಅದೇ ವರ್ಷ ಬೊಟ್ಟು ಮಾಡಿದ್ದು ಬೇರೆಡೆಗೆ: ಅತಿಯಾಗಿ ಸಂಸ್ಕರಿಸಿದ ಪ್ಯಾಕೆಟ್ ತಿನಿಸು ಹೆಚ್ಚು ತಿನ್ನುವವರಲ್ಲಿ ಐಬಿಡಿ ಹೆಚ್ಚು. ಗ್ಲುಟೆನ್ ಇಲ್ಲದ್ದೆಂದು ದುಬಾರಿಗೆ ಮಾರುವ ಬಿಸ್ಕತ್ತು, ಬ್ರೆಡ್ಡುಗಳೂ ಬಹಳಷ್ಟು ಇದೇ ಜಾತಿಗೆ ಸೇರಿದವು.

ಕಾಯಿಲೆ ಕೆರಳಿದಾಗ ದೇಹ ಪ್ರೋಟೀನ್ ಕಳೆದುಕೊಳ್ಳುತ್ತದೆ. ಯೂರೋಪಿನ ಪೋಷಣಾ ಮಾರ್ಗಸೂಚಿ ಆಗ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತದೆ. ಪಥ್ಯದ ಹೆಸರಿನಲ್ಲಿ ತಿಂಗಳುಗಟ್ಟಲೆ ಗಂಜಿಯೊಂದರಲ್ಲೇ ಇರಿಸುವ ಮನೆಯವರ ಕಾಳಜಿ ರೋಗಿಯ ಸ್ನಾಯುವನ್ನು ಕರಗಿಸುತ್ತದೆ. ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟವರಿಗೆ, ಅಲ್ಲಿ ಶಸ್ತ್ರಚಿಕಿತ್ಸೆ ಆದವರಿಗೆ ಬಿ12 ಬೇಕಾಗುತ್ತದೆ. ರಕ್ತ ಹೋದವರಿಗೆ ಕಬ್ಬಿಣ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕಡೆ ಗಮನ ಬೇಕು. ಕರುಳು ಇರುಕಾದವರು ನಾರು, ಸಿಪ್ಪೆ, ಬೀಜಗಳನ್ನು ತಗ್ಗಿಸಬೇಕು; ಉಳಿದವರು ಶಮನಕಾಲದಲ್ಲಿ ತರಕಾರಿಗೆ ಹೆದರಬೇಕಿಲ್ಲ.

ಕರ್ನಾಟಕದ ಊಟದಲ್ಲಿ

ಗೋಧಿ ಬಿಡಲೇಬೇಕಾದವರಿಗೆ ಕರ್ನಾಟಕದಷ್ಟು ಅನುಕೂಲದ ಅಡುಗೆ ಬೇರೆಡೆ ಅಪರೂಪ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಬರಗು, ಊದಲು ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರುದೋಸೆ, ಇಡ್ಲಿ, ಅಕ್ಕಿ ಕಡುಬು ಯಾವ ಅಂಗಡಿಯ ವಿಶೇಷ ಹಿಟ್ಟನ್ನೂ ಬೇಡುವುದಿಲ್ಲ. ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅದರ ನಾರೂ ಹೆಚ್ಚು. ಕರುಳು ಕೆರಳಿರುವಾಗ ಇಡಿ ರಾಗಿಗಿಂತ, ನೆನೆಸಿ ಮೊಳಕೆ ಬರಿಸಿ ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ತೆಳು ಅಂಬಲಿ ಲೇಸು. ಹಾಲು ಒಗ್ಗದವರಲ್ಲಿ ಹಲವರಿಗೆ ಮಜ್ಜಿಗೆ, ಮೊಸರು ಒಗ್ಗುತ್ತವೆ. ಮೆತ್ತಗೆ ಬೆಂದ ಮೊಸರನ್ನ, ಹೆಸರುಬೇಳೆಯ ತೊವ್ವೆ, ಮೊಟ್ಟೆ, ಮೀನು ಇವು ಪ್ರೋಟೀನಿಗೆ ದಾರಿ. ಈರುಳ್ಳಿ, ಬೆಳ್ಳುಳ್ಳಿ ತಾಳದವರು ಕೆಲವು ವಾರ ಬಿಟ್ಟು ನೋಡಿ, ಮತ್ತೆ ಒಂದೊಂದಾಗಿ ಸೇರಿಸಿ ತಮ್ಮ ಮಿತಿ ಕಂಡುಕೊಳ್ಳಬೇಕು. ಕಾಯಂ ಬಿಡುವುದು ಆ ಪಥ್ಯದ ಉದ್ದೇಶವಲ್ಲ.

ಗೋಧಿ ಅಡಗಿ ಬರುವ ದಾರಿಗಳೂ ನಮ್ಮ ಅಡುಗೆಮನೆಯಲ್ಲಿವೆ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಅಂಗಡಿಯ ಶಾವಿಗೆ, ಮೈದಾ ಬೆರೆತ ಬೋಂಡಾ ಹಿಟ್ಟು ಕಣ್ಣಿಗೆ ಕಾಣುವಂಥವು. ಇಂಗಿಗೆ ಗೋಧಿ ಹಿಟ್ಟು ಬೆರೆಸುವುದು ಸಾಮಾನ್ಯ; ಮಕ್ಕಳಿಗೆ ಶಕ್ತಿಗೆಂದು ಕೊಡುವ ಮಾಲ್ಟ್ ಪೇಯಗಳಲ್ಲಿ ಬಾರ್ಲಿ, ಸೋಯಾ ಸಾಸಿನಲ್ಲಿ ಗೋಧಿ ಇರುತ್ತವೆ. ಉತ್ತರ ಕರ್ನಾಟಕದಲ್ಲಿ ಬೆಳೆಯುವ, ಆರೋಗ್ಯಕ್ಕೆ ಒಳ್ಳೆಯದೆಂದು ಹೆಸರಾದ ಖಪ್ಲಿ ಗೋಧಿಯೂ ಗೋಧಿಯೇ. ಅದರಲ್ಲೂ ಗ್ಲುಟೆನ್ ಇದೆ, ಸೀಲಿಯಾಕ್ ಇರುವವರಿಗೆ ಅದು ಸಲ್ಲದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಪೊಟ್ಟಣದ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಬಹುದು. ಊರ ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ, ರಾಗಿ ಸುರಿಯುವುದರಿಂದ ಸೀಲಿಯಾಕ್ ಇರುವವರ ಮನೆಯವರು ಧಾನ್ಯವನ್ನು ಮನೆಯಲ್ಲೇ ಬೀಸಿಕೊಳ್ಳುವುದು ಕ್ಷೇಮ. ಸೀಲಿಯಾಕ್ ಇಲ್ಲದ ಐಬಿಡಿ ರೋಗಿಗಳು ಇಷ್ಟು ಸೂಕ್ಷ್ಮಕ್ಕೆ ಇಳಿಯಬೇಕಿಲ್ಲ. ಗಿರಣಿಯ ಹಿಟ್ಟಿನಲ್ಲಿ ಬೆರೆತ ಚೂರು ಗೋಧಿ ಅವರ ಕರುಳಿಗೆ ಕೇಡು ಮಾಡುತ್ತದೆನ್ನಲು ಆಧಾರವಿಲ್ಲ.